ಪ್ರೆಸ್ಸೇ ಇಲ್ವಲ್ಲೋ!

ನನ್ನ ಫೋಟೋಗಳ ಬಗ್ಗೆ ಇವತ್ತಿನವರೆಗೆ ಬಂದಿರುವ ವಿಮರ್ಶೆಗಳಲ್ಲಿ ಅತ್ಯಂತ ನಿಖರವಾದದ್ದು ಎರಡೇ ಪದಗಳದ್ದು. ಹೇಳಿದವರು ನನ್ನ ದೊಡ್ಡಮ್ಮ. ಅವರಿಗೆ ಅಪರ್ಚರ್ ಅಂದರೇನು ಅಂತ ಗೊತ್ತಿಲ್ಲ. ಗೊತ್ತಿದ್ದ ನನಗೆ, ಅವರಿಗೆ ಕಂಡದ್ದು ಕಂಡಿರಲಿಲ್ಲ.

ದೊಡ್ಡಪ್ಪನಿಗೆ ಅರಸೀಕೆರೆಯಲ್ಲಿ ಒಂದು ಸಣ್ಣ ಲೆಟರ್‌ಪ್ರೆಸ್ ಇತ್ತು. ಮದುವೆ ಕರೆಯೋಲೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ವೈಕುಂಠ ಸಮಾರಾಧನೆಯ ಕಾರ್ಡು, ಇಷ್ಟೇ ವ್ಯವಹಾರ. ಆಫ್‌ಸೆಟ್ ಬಂದ ಮೇಲೂ ಹಟಕ್ಕೆ ಬಿದ್ದು ನಡೆಸಿದರು. ಕೊನೆಗೆ ಮುಚ್ಚೋದು ಅಂತ ನಿಶ್ಚಯವಾದ ವಾರ ನಾನು ಬೆಂಗಳೂರಿಂದ ಹೋದೆ, ಕೊರಳಲ್ಲಿ ಆಗಷ್ಟೇ ಕೊಂಡ ಹಳೇ ಫಿಲಂ ಕ್ಯಾಮೆರಾ. 50 ಎಂಎಂ ಲೆನ್ಸು, ಎಫ್/1.8. ಒಂದು ರೋಲಿನ 36 ಫ್ರೇಮುಗಳಲ್ಲಿ 11 ದೊಡ್ಡಪ್ಪಂದು. ರೋಲು ಡೆವಲಪ್ ಆಗಿ ಬಂದಾಗ ನಾನು ಕುಣಿದಾಡಿದ್ದೆ. ಕಣ್ಣಿನ ರೆಪ್ಪೆಯ ಒಂದೊಂದು ಕೂದಲೂ ಎಣಿಸುವ ಹಾಗಿತ್ತು. ಹಿಂದಿನದೆಲ್ಲ ಬೆಣ್ಣೆ ಕರಗಿದ ಹಾಗೆ ಬ್ಲರ್. ಗೆಳೆಯರೆಲ್ಲ ‘ಏನ್ ಗುರು ಬೊಕೆ!’ ಅಂದರು.

ಪ್ರಿಂಟ್ ಹಾಕಿಸಿ ಊರಿಗೆ ಒಯ್ದೆ. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಒಂದೊಂದಾಗಿ ನೋಡಿದರು. ಕಿಟಕಿ ಕಡೆ ಹಿಡಿದು ನೋಡಿದರು. ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ಬಹಳ ಸಹಜವಾಗಿ ಕೇಳಿದರು: ‘ಪ್ರೆಸ್ಸೇ ಇಲ್ವಲ್ಲೋ!’

ಇರಲಿಲ್ಲ. 11 ಫ್ರೇಮುಗಳಲ್ಲಿ ಎಲ್ಲೂ ಇರಲಿಲ್ಲ. ಗೋಡೆಯುದ್ದಕ್ಕೂ ಇದ್ದ ಅಚ್ಚುಮೊಳೆಯ ಖಾನೆಗಳು, ಒತ್ತಕ್ಷರಕ್ಕೇ ಅಂತ ಇದ್ದ ಬೇರೆ ಪೆಟ್ಟಿಗೆ, ಕಾಲಲ್ಲಿ ತುಳಿಯುವ ಟ್ರೆಡಲ್ ಯಂತ್ರ, ತಂತಿಗೆ ನೇತು ಹಾಕಿದ ಪ್ರೂಫುಗಳು, ಎಲ್ಲವೂ ಬೂದು ಬಣ್ಣದ ಗಂಜಿ. ಅಷ್ಟು ಹೊತ್ತಿಗೆ ಮೊಳೆಗಳು ಕೆಜಿ ಲೆಕ್ಕದಲ್ಲಿ, ಯಂತ್ರ ಗುಜರಿ ಲೆಕ್ಕದಲ್ಲಿ ಹೋಗಿಯಾಗಿತ್ತು. ವಾಪಸ್ ಹೋಗಿ ತೆಗೆಯೋಣ ಅಂದರೆ ಅಲ್ಲಿ ತೆಗೆಯೋಕೆ ಏನೂ ಉಳಿದಿರಲಿಲ್ಲ.

ಈ ಬರಹ ಒಂದು ಬಗೆಯ ತಪ್ಪೊಪ್ಪಿಗೆ. ಆದರೆ ಎಲ್ಲ ತಪ್ಪನ್ನೂ ನನ್ನ ತಲೆ ಮೇಲೇ ಹಾಕಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಸ್ವಲ್ಪ ತಪ್ಪು ನಾವು ಫೋಟೋಗ್ರಫಿ ಕಲಿಯುವ ರೀತಿಯದ್ದೂ ಹೌದು.

ನಮಗೆ ಕಲಿಸುವುದು ಹೇಗೆ? ಮೊದಲು ಒಂದು ತ್ರಿಕೋನ. ಅಪರ್ಚರ್, ಶಟರ್, ಐಎಸ್‌ಒ. ಮೂರನ್ನೂ ಹೊಂದಿಸಿದರೆ ‘ಕರೆಕ್ಟ್ ಎಕ್ಸ್‌ಪೋಷರ್’. ಆಮೇಲೆ ಡೆಪ್ತ್ ಆಫ್ ಫೀಲ್ಡ್: ಎಫ್ ನಂಬರ್ ಚಿಕ್ಕದಾದರೆ ಹಿನ್ನೆಲೆ ಬ್ಲರ್, ದೊಡ್ಡದಾದರೆ ಎಲ್ಲ ಶಾರ್ಪ್. ಪೋರ್ಟ್ರೇಟಿಗೆ ಚಿಕ್ಕದು, ಲ್ಯಾಂಡ್‌ಸ್ಕೇಪಿಗೆ ದೊಡ್ಡದು. ಮುಗೀತು, ಸರ್ಟಿಫಿಕೇಟ್ ತಗೊಳ್ಳಿ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಮನುಷ್ಯರಿಗೆ ಬ್ಲರ್, ಬೆಟ್ಟಗಳಿಗೆ ಶಾರ್ಪ್ ಅಂತ ನಿಯಮ ಮಾಡಿದವರು ಯಾರು? ಮನುಷ್ಯರು ಎಲ್ಲಿದ್ದಾರೆ ಅನ್ನೋದು ಮುಖ್ಯವಲ್ಲ ಅಂತ ತೀರ್ಮಾನಿಸಿದವರು ಯಾರು? ಈ ಪ್ರಶ್ನೆಗೆ ತ್ರಿಕೋನದಲ್ಲಿ ಜಾಗ ಇಲ್ಲ.

ಮೊದಲು ಲೆಕ್ಕ ಸರಿ ಮಾಡಿಕೊಳ್ಳೋಣ. ಎಫ್ ನಂಬರ್ ಅನ್ನೋದು ಒಂದು ಭಾಗಾಕಾರ, ಅಷ್ಟೇ. ಲೆನ್ಸಿನ ಫೋಕಲ್ ಲೆಂತನ್ನು ಬೆಳಕು ಬರುವ ತೂತಿನ ಅಗಲದಿಂದ ಭಾಗಿಸಿದರೆ ಸಿಗುವ ಸಂಖ್ಯೆ. 50 ಎಂಎಂ ಲೆನ್ಸಿನಲ್ಲಿ ಎಫ್/2 ಅಂದರೆ 25 ಮಿಲಿಮೀಟರ್ ತೂತು. ಎಫ್/16 ಅಂದರೆ ಸುಮಾರು 3 ಮಿಲಿಮೀಟರ್, ಒಂದು ಮೆಣಸಿನ ಕಾಳಿಗಿಂತ ಚಿಕ್ಕದು. 2, 2.8, 4, 5.6, 8, 11, 16. ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧಕ್ಕರ್ಧ. ತೂತು ಚಿಕ್ಕದಾದಷ್ಟೂ ಶಾರ್ಪ್ ಆಗಿ ಕಾಣುವ ಪದರ ದಪ್ಪಗಾಗುತ್ತದೆ. ನಾನು ದೊಡ್ಡಪ್ಪನಿಂದ ಒಂದೂವರೆ ಮೀಟರ್ ದೂರದಲ್ಲಿ ಎಫ್/1.8ರಲ್ಲಿ ನಿಂತಿದ್ದೆ. ಆ ದೂರದಲ್ಲಿ ಶಾರ್ಪ್ ಆಗಿರುವ ಪದರ ಸುಮಾರು 10 ಸೆಂಟಿಮೀಟರ್. ಕಣ್ಣು ಬಂತು, ಮೂಗು ಬಂತು, ಕಿವಿಗೇ ಅರ್ಧ ಅನ್ಯಾಯವಾಯಿತು. ಐವತ್ತು ವರ್ಷದ ಪ್ರೆಸ್ಸು ಆ 10 ಸೆಂಟಿಮೀಟರಿನ ಆಚೆ ಇತ್ತು.

ತಮಾಷೆ ಅಂದರೆ, ಆವತ್ತು ಜೇಬಲ್ಲಿದ್ದ ಫೋನಿನಲ್ಲಿ ತೆಗೆದಿದ್ದರೆ ಪ್ರೆಸ್ಸು ಸಿಗುತ್ತಿತ್ತು. ಫೋನಿನ ಲೆನ್ಸಿನ ನಿಜವಾದ ಫೋಕಲ್ ಲೆಂತ್ ಕೆಲವೇ ಮಿಲಿಮೀಟರ್. ತೂತು ಅದಕ್ಕಿಂತ ಚಿಕ್ಕದು. ಅದಕ್ಕೆ ಮುಂದಿನದೂ ಹಿಂದಿನದೂ ಹೆಚ್ಚುಕಡಿಮೆ ಒಟ್ಟಿಗೇ ಕಾಣುತ್ತದೆ. ಹಾಗೆ ಕಂಡದ್ದನ್ನು ಪೋರ್ಟ್ರೇಟ್ ಮೋಡ್ ಅನ್ನೋ ಸಾಫ್ಟ್‌ವೇರು ಅಳಿಸುತ್ತದೆ, ಕೂದಲಿನ ಅಂಚು ಎಲ್ಲಿ ಮುಗಿಯಿತು ಅಂತ ಅಂದಾಜು ಮಾಡಿಕೊಂಡು. ಯಾಕೆ ಅಳಿಸಬೇಕು? ದುಬಾರಿ ಲೆನ್ಸಿನಲ್ಲಿ ತೆಗೆದ ಹಾಗೆ ಕಾಣಲಿ ಅಂತ. ಬ್ಲರ್ ಅನ್ನೋದು ಈಗ ಕಣ್ಣಿನ ಆಯ್ಕೆ ಅಲ್ಲ, ಪ್ರೈಸ್ ಟ್ಯಾಗ್.

ಇದೇನೂ ಹೊಸ ಕಾಯಿಲೆ ಅಲ್ಲ ಬಿಡಿ. ನೂರು ವರ್ಷದ ಹಿಂದೆಯೂ ಮಬ್ಬು ಮಬ್ಬಾಗಿದ್ದರೆ ಅದು ಕಲೆ, ಸ್ಪಷ್ಟವಾಗಿದ್ದರೆ ಅದು ಬರೀ ಫೋಟೋ ಅಂತ ನಂಬಿದ್ದ ಪಿಕ್ಟೋರಿಯಲಿಸ್ಟರು ಇದ್ದರು. ಫೋಟೋ ಪೇಂಟಿಂಗಿನ ಹಾಗೆ ಕಂಡರೆ ಅದಕ್ಕೆ ಮರ್ಯಾದೆ. ಇದರಿಂದ ರೋಸಿ ಹೋದ ಕೆಲವರು 1932ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಗುಂಪು ಕಟ್ಟಿಕೊಂಡರು. ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್, ಇಮೋಜೆನ್ ಕನಿಂಗ್‌ಹ್ಯಾಮ್ ಅದರಲ್ಲಿದ್ದರು. ಗುಂಪಿನ ಹೆಸರೇ ಒಂದು ಅಪರ್ಚರ್: ಎಫ್/64. ಇದನ್ನು ಓದಿ ನಮ್ಮ ಕ್ಯಾಮೆರಾದಲ್ಲಿ 64 ಹುಡುಕೋಕೆ ಹೋಗಬೇಡಿ. ಅವರದ್ದು ದೊಡ್ಡ ಪೆಟ್ಟಿಗೆ ಕ್ಯಾಮೆರಾ. 300 ಎಂಎಂ ಲೆನ್ಸಿನಲ್ಲಿ ಎಫ್/64 ಅಂದರೆ ಸುಮಾರು 4.7 ಮಿಲಿಮೀಟರ್ ತೂತು. ನಮ್ಮ 50 ಎಂಎಂನಲ್ಲಿ ಎಫ್/11 ಹಾಕಿದರೆ ಹತ್ತಿರ ಹತ್ತಿರ ಅಷ್ಟೇ ತೂತು. ಅಂದರೆ ಅವರ ಬಂಡಾಯದ ಆಯುಧ ನಮ್ಮೆಲ್ಲರ ಲೆನ್ಸಿನ ಮೇಲೂ ಕೆತ್ತಿದೆ. ಆ ಕಡೆ ತಿರುಗಿಸೋಕೆ ನಮಗೆ ಮನಸ್ಸಿಲ್ಲ.

ಎಕ್ಸ್‌ಪೋಷರ್ ಬಗ್ಗೆ ಹೇಳುವವರೆಲ್ಲ ಹೇಳುವ ಕಥೆಯೂ ಇದೇ ಆಡಮ್ಸ್‌ದು. 1941ರ ಶರತ್ಕಾಲದ ಒಂದು ಸಂಜೆ ನ್ಯೂ ಮೆಕ್ಸಿಕೋದ ಹರ್ನಾಂಡೆಝ್ ಅನ್ನೋ ಹಳ್ಳಿ ಪಕ್ಕದ ಹೆದ್ದಾರಿಯಲ್ಲಿ ಕಾರಲ್ಲಿ ಬರುತ್ತಿದ್ದಾಗ, ಒಂದು ಕಡೆ ಚಂದ್ರ ಏರುತ್ತಿದ್ದ. ಇನ್ನೊಂದು ಕಡೆ ಮುಳುಗುವ ಸೂರ್ಯನ ಬೆಳಕು ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಬಿದ್ದಿತ್ತು. ಗಡಿಬಿಡಿಯಲ್ಲಿ ಕ್ಯಾಮೆರಾ ಹೂಡಿದರೆ ಲೈಟ್ ಮೀಟರ್ ಸಿಗಲಿಲ್ಲ. ಚಂದ್ರನ ಪ್ರಕಾಶ ಚದರ ಅಡಿಗೆ 250 ಕ್ಯಾಂಡಲ್ ಅಂತ ಅವರಿಗೆ ನೆನಪಿತ್ತು. ಮನಸ್ಸಲ್ಲೇ ಲೆಕ್ಕ ಹಾಕಿ ಎಫ್/32ರಲ್ಲಿ ಒಂದು ಸೆಕೆಂಡ್ ಕೊಟ್ಟರು. ಇನ್ನೊಂದು ತೆಗೆಯೋಣ ಅನ್ನುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಯಿತು. ಆ ಒಂದೇ ನೆಗೆಟಿವ್ ಜಗತ್ಪ್ರಸಿದ್ಧವಾಯಿತು.

ಸಾಮಾನ್ಯವಾಗಿ ಕಥೆ ಇಲ್ಲಿಗೆ ನಿಲ್ಲುತ್ತದೆ, ಮೇಧಾವಿಯ ಜ್ಞಾಪಕಶಕ್ತಿಗೆ ಒಂದು ಚಪ್ಪಾಳೆಯೊಂದಿಗೆ. ನನಗೆ ಈ ಕಥೆ ಇಷ್ಟವಾಗೋದು ಆಮೇಲಿನ ಭಾಗಕ್ಕೆ. ಅವರು ಚಂದ್ರನನ್ನು ಬೂದು ಮೆಟ್ಟಿಲುಗಳ ತಮ್ಮ ಝೋನ್ ಪದ್ಧತಿಯಲ್ಲಿ ಏಳನೇ ಮೆಟ್ಟಿಲಿನಲ್ಲಿ ಕೂರಿಸಿದರು. ಐದನೆಯದು ನಟ್ಟನಡುವಿನ ಬೂದು. ಏಳು ಅಂದರೆ ಬೆಳ್ಳಗೆ, ಆದರೆ ಮೈಮೇಲಿನ ವಿವರ ಇನ್ನೂ ಉಳಿದಿರುವ ಬಿಳುಪು. ಚಂದ್ರನಿಗೆ ಸೀಟು ಖಾತ್ರಿಯಾದ ಮೇಲೆ ಹಳ್ಳಿಗೆ, ಶಿಲುಬೆಗಳಿಗೆ, ಮುಂದಿನ ಕುರುಚಲಿಗೆ ಉಳಿದ ಸೀಟೇ ಗತಿ. ನೆಗೆಟಿವ್‌ನ ಕೆಳಭಾಗ ತೆಳ್ಳಗೆ ಬಂತು. 1948ರಲ್ಲಿ ಆ ಭಾಗಕ್ಕೆ ರಾಸಾಯನಿಕ ಹಾಕಿ ಗಟ್ಟಿ ಮಾಡಿಕೊಳ್ಳಬೇಕಾಯಿತು. ಬದುಕಿರುವ ತನಕ ಅದರ ಪ್ರಿಂಟು ಹಾಕುತ್ತಲೇ ಇದ್ದರು, ಸಾವಿರಕ್ಕೂ ಮೀರಿ. ವರ್ಷ ಕಳೆದ ಹಾಗೆ ಪ್ರಿಂಟಿನಲ್ಲಿ ಆಕಾಶ ಕಪ್ಪಾಗುತ್ತಾ ಹೋಯಿತು. ಮೊದಲ ಪ್ರಿಂಟುಗಳಲ್ಲಿ ಅದು ಸಂಜೆ, ಮೋಡಗಳಿನ್ನೂ ಕಾಣುತ್ತವೆ. ಕೊನೆಯವುಗಳಲ್ಲಿ ಹೆಚ್ಚುಕಡಿಮೆ ರಾತ್ರಿ. ನನ್ನ ಮತ ಸಂಜೆಗೇ. ಕಪ್ಪು ಆಕಾಶದ ಪ್ರಿಂಟು ಭವ್ಯವಾಗಿದೆ ನಿಜ, ಆದರೆ ಮೊದಲಿನದರಲ್ಲಿ ಆ ಮನೆಗಳಲ್ಲಿ ಯಾರೋ ದೀಪ ಹಚ್ಚುವ ಹೊತ್ತಾಗಿದೆ ಅನ್ನಿಸುತ್ತದೆ.

ಇದರಿಂದ ನಾನು ಕಲಿತದ್ದು ಇಷ್ಟು: ‘ಕರೆಕ್ಟ್ ಎಕ್ಸ್‌ಪೋಷರ್’ ಅಂತ ಒಂದಿಲ್ಲ. ಯಾವುದಕ್ಕೆ ಮೊದಲು ಸೀಟು, ಯಾವುದು ನಿಂತುಕೊಂಡು ಪ್ರಯಾಣ ಮಾಡಬೇಕು ಅನ್ನೋ ತೀರ್ಮಾನ ಇದೆ. ಮೀಟರು ಆ ತೀರ್ಮಾನ ಮಾಡಲಾರದು. ಅದಕ್ಕೆ ಗೊತ್ತಿರೋದು ಒಂದೇ, ಎದುರಿಗಿರೋದನ್ನೆಲ್ಲ ನಡುವಿನ ಬೂದು ಅಂದುಕೊಳ್ಳುವುದು. ಸುಣ್ಣ ಬಳಿದ ಗೋಡೆ ತೋರಿಸಿದರೂ ಬೂದು ಮಾಡುತ್ತದೆ, ಕರೀ ಮೇಕೆ ತೋರಿಸಿದರೂ ಬೂದು ಮಾಡುತ್ತದೆ. ಪ್ರೆಸ್ಸಿನಲ್ಲಿ ನಾನು ತೆಗೆದ ಮೊದಲ ಎರಡು ಫ್ರೇಮುಗಳಲ್ಲಿ ದೊಡ್ಡಪ್ಪನ ಮುಖವೇ ಇದ್ದಿಲು. ಮೀಟರು ಅವರ ಹಿಂದಿನ ಬೀದಿ ಬಾಗಿಲನ್ನು ನೋಡಿತ್ತು, ಅವರನ್ನಲ್ಲ. ಅವರ ಮುಖಕ್ಕೆ ಬೀಳುವ ಬೆಳಕಿಗೇ ನನ್ನ ಅಂಗೈ ಹಿಡಿದು, ಅಂಗೈಯನ್ನು ಅಳೆದು, ಒಂದು ಸ್ಟಾಪ್ ಜಾಸ್ತಿ ಕೊಡು ಅನ್ನೋ ಹಳೇ ಉಪಾಯ ಆಮೇಲೆ ಕಲಿತೆ. ಅಂಗೈ ನಡುವಿನ ಬೂದಿಗಿಂತ ಸುಮಾರು ಒಂದು ಸ್ಟಾಪ್ ಬೆಳ್ಳಗಿರುತ್ತದೆ, ಅದಕ್ಕೆ. ಆ್ಯಪ್ ಬೇಡ, ಬ್ಯಾಟರಿ ಬೇಡ.

ಆಡಮ್ಸ್ ಚಂದ್ರನ ಲೆಕ್ಕ ಹಾಕುತ್ತಿದ್ದ ಅದೇ 1941ರಲ್ಲಿ ‘ಸಿಟಿಝನ್ ಕೇನ್’ ಬಿಡುಗಡೆಯಾಯಿತು. ಛಾಯಾಗ್ರಾಹಕ ಗ್ರೆಗ್ ಟೋಲೆಂಡ್. ಡೆಪ್ತ್ ಆಫ್ ಫೀಲ್ಡ್ ಕಲಿಯಬೇಕು ಅಂತ ಯಾರಾದರೂ ಕೇಳಿದರೆ ನಾನು ಚಾರ್ಟು ಕೊಡೋದಿಲ್ಲ, ಅದರ ಒಂದು ದೃಶ್ಯ ನೋಡಿ ಅಂತೀನಿ. ಹೊರಗೆ ಹಿಮದಲ್ಲಿ ಹುಡುಗ ಆಡುತ್ತಿದ್ದಾನೆ. ಕ್ಯಾಮೆರಾ ಕಿಟಕಿಯಿಂದ ಒಳಗೆ ಹಿಂದಕ್ಕೆ ಸರಿಯುತ್ತಾ ಬರುತ್ತದೆ. ಮೇಜಿನ ಮುಂದೆ ತಾಯಿ, ಪಕ್ಕದಲ್ಲಿ ಬ್ಯಾಂಕಿನವನು. ಮಗನನ್ನು ಅವನ ಕೈಗೊಪ್ಪಿಸುವ ಕಾಗದಕ್ಕೆ ತಾಯಿ ಸಹಿ ಹಾಕಲಿದ್ದಾಳೆ. ಸ್ವಲ್ಪ ಹಿಂದೆ ಗೊಣಗುತ್ತಿರುವ ತಂದೆ. ಅದರಾಚೆ, ಕಿಟಕಿಯ ಚೌಕಟ್ಟಿನೊಳಗೆ, ಹೆಬ್ಬೆರಳಿನಷ್ಟು ಚಿಕ್ಕದಾಗಿ ಆ ಹುಡುಗ. ಎಲ್ಲರೂ ಸ್ಪಷ್ಟ. ಒಳಗೆ ತನ್ನ ಬದುಕು ತೀರ್ಮಾನ ಆಗುತ್ತಿರೋದು ಅವನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಇದೇ ದೃಶ್ಯವನ್ನು ಇವತ್ತಿನ ‘ಸಿನೆಮ್ಯಾಟಿಕ್ ಲುಕ್’ನಲ್ಲಿ ತೆಗೆದರೆ ತಾಯಿಯ ಮುಖ ಸುಂದರವಾಗಿ ಶಾರ್ಪ್, ಕಿಟಕಿಯಲ್ಲೊಂದು ಬಿಳಿ ಮಬ್ಬು. ಹುಡುಗ ಮಾಯ, ಅವನ ಜೊತೆ ದೃಶ್ಯವೂ ಮಾಯ.

ಟೋಲೆಂಡ್ ಇದಕ್ಕೆ ತೆತ್ತ ಬೆಲೆ ಕಡಿಮೆಯದಲ್ಲ. ತೂತು ಚಿಕ್ಕದು ಮಾಡಬೇಕಾದರೆ ಬೆಳಕು ಸುರಿಯಬೇಕು. ಅಗಲ ಕೋನದ ಲೆನ್ಸು, ವೇಗದ ಫಿಲಂ, ಪ್ರಖರವಾದ ಆರ್ಕ್ ದೀಪಗಳು. ಅಷ್ಟಾದರೂ ಕೆಲವು ಕಡೆ ಭೌತಶಾಸ್ತ್ರ ಒಪ್ಪಲಿಲ್ಲ. ಸೂಸನ್ ವಿಷ ಕುಡಿದು ಮಲಗಿರುವ ಶಾಟ್‌ನಲ್ಲಿ ಮುಂದಿನ ಗಾಜಿನ ಲೋಟವೂ ದೂರದ ಬಾಗಿಲೂ ಒಟ್ಟಿಗೆ ಶಾರ್ಪ್ ಆಗಿವೆಯಲ್ಲ, ಅದು ಒಂದೇ ಎಕ್ಸ್‌ಪೋಷರ್ ಅಲ್ಲ. ಅದೇ ಫಿಲಂ ತುಂಡನ್ನು ಕ್ಯಾಮೆರಾದೊಳಗೆ ಎರಡು ಸಲ ಓಡಿಸಿದ್ದು. ಇದನ್ನು ಮೋಸ ಅನ್ನುವವರಿದ್ದಾರೆ. ನನಗನ್ನಿಸೋದು, ಲೋಟ ಮತ್ತು ಬಾಗಿಲು ಎರಡೂ ಬೇಕು ಅಂತ ಮೊದಲು ತೀರ್ಮಾನ ಆಯಿತು, ದಾರಿ ಆಮೇಲೆ ಹುಡುಕಿದರು. ನಮ್ಮದು ಉಲ್ಟಾ. ಲೆನ್ಸು ಎಫ್/1.8 ಇದೆ, ಆದ್ದರಿಂದ ಎಫ್/1.8.

ಹಾಗಾದರೆ ಬ್ಲರ್ ಅನ್ನೋದೇ ಕೆಟ್ಟದ್ದಾ? ಹಾಗಂದರೆ ನಾನೂ ಎಫ್/64ರವರ ಹಾಗೆ ಮತ ಪ್ರಚಾರಕ್ಕೆ ಇಳಿದ ಹಾಗೆ. 1975ರ ಕುಬ್ರಿಕ್ ಚಿತ್ರ ‘ಬ್ಯಾರಿ ಲಿಂಡನ್’ ನೋಡಿ. ಮೇಣದಬತ್ತಿಯ ಬೆಳಕಿನಲ್ಲೇ ತೆಗೆಯಬೇಕು ಅನ್ನೋ ಪಣ. ಅದಕ್ಕೆ ಝೈಸ್ ಕಂಪನಿ ನಾಸಾಗಾಗಿ ಮಾಡಿದ್ದ 50 ಎಂಎಂ ಎಫ್/0.7 ಲೆನ್ಸು ತಂದರು. ನನ್ನ ಎಫ್/1.8ಕ್ಕಿಂತ ಆರು ಪಟ್ಟಿಗೂ ಹೆಚ್ಚು ಬೆಳಕು ನುಂಗುವ ಗಾಜು. ಫೋಕಸ್ ಪದರ ಎಷ್ಟು ತೆಳು ಅಂದರೆ ನಟರು ಮುಂದಕ್ಕೆ ಬಾಗಿದರೆ ಮಬ್ಬು, ಹಿಂದಕ್ಕೆ ಒರಗಿದರೆ ಮಬ್ಬು. ಅಲ್ಲಾಡದೆ ಕೂರಬೇಕು, ನಿಧಾನವಾಗಿ ತಿರುಗಬೇಕು. ಆ ಬಿಗಿತವೇ ಚಿತ್ರದ ಅರ್ಥವಾಗಿಬಿಟ್ಟಿತು: ರಿವಾಜಿನ ಪಂಜರದಲ್ಲಿ ಉಸಿರು ಬಿಗಿಹಿಡಿದು ಬದುಕುವ ಶ್ರೀಮಂತರು. ಅಲ್ಲಿ ಬ್ಲರ್ ಅಲಂಕಾರ ಅಲ್ಲ. ನಿಜವಾದ ಕತ್ತಲೆಗೆ ಕಟ್ಟಿದ ಸುಂಕ.

ಕತ್ತಲೆಗೆ ಬಿಟ್ಟುಕೊಡುವುದೂ ಒಂದು ತೀರ್ಮಾನವೇ ಅನ್ನೋದಕ್ಕೆ ನಮ್ಮ ಮೈಸೂರಿನವರದ್ದೇ ಉದಾಹರಣೆ ಇದೆ. 1959ರ ‘ಕಾಗಝ್ ಕೆ ಫೂಲ್’ನಲ್ಲಿ ವಿ. ಕೆ. ಮೂರ್ತಿಯವರು ಹೊರಗಿನ ಬಿಸಿಲನ್ನು ಕನ್ನಡಿಗಳಲ್ಲಿ ಹಿಡಿದು ಖಾಲಿ ಸ್ಟುಡಿಯೋದೊಳಗೆ ಒಂದು ಕಿರಣವಾಗಿ ಇಳಿಸಿದರು. ಕಿರಣದಾಚೆ ಸ್ಟುಡಿಯೋ ಕತ್ತಲು. ಆ ಕತ್ತಲಲ್ಲಿ ಸ್ಟುಡಿಯೋ ಕಳೆದುಹೋಗುವುದಿಲ್ಲ, ಇನ್ನೂ ದೊಡ್ಡದಾಗುತ್ತದೆ. ಎಷ್ಟು ದೊಡ್ಡ ಖಾಲಿ ಜಾಗದಲ್ಲಿ ಇಬ್ಬರು ಎಷ್ಟು ದೂರ ನಿಂತಿದ್ದಾರೆ ಅನ್ನೋದೇ ಆ ದೃಶ್ಯ. ಅಂದರೆ ಕಾಣದ ಹಾಗೆ ಮಾಡಿಯೂ ಜಾಗವನ್ನು ಉಳಿಸಿಕೊಳ್ಳಬಹುದು. ಯಾವ ಜಾಗ ಅಂತ ತೆಗೆಯುವವನಿಗೆ ಗೊತ್ತಿರಬೇಕು, ಅಷ್ಟೇ.

ನನಗೆ ಗೊತ್ತಿತ್ತು. ನಾನು ಅದೇ ಪ್ರೆಸ್ಸಿನಲ್ಲಿ ಬೇಸಿಗೆ ರಜೆಗಳಲ್ಲಿ ಕೂತು ‘ಕ’ ಖಾನೆಗೆ ‘ಕ’, ‘ತ’ ಖಾನೆಗೆ ‘ತ’ ಹಾಕಿ ಮೊಳೆ ಬಿಡಿಸಿದವನು. ಆದರೂ ವ್ಯೂಫೈಂಡರಿಗೆ ಕಣ್ಣಿಟ್ಟಾಗ ನನಗೆ ಕಂಡದ್ದು ಪ್ರೆಸ್ಸಲ್ಲ. ನಾನು ಆ ಹೊತ್ತಿಗೆ ನೋಡಿದ್ದ ನೂರಾರು ಬೇರೆಯವರ ಪೋರ್ಟ್ರೇಟುಗಳು. ಫಿಲಂನಲ್ಲಿ ತೆಗೆಯೋದು ನಿಧಾನ, ಯೋಚಿಸಿ ತೆಗೀತೀವಿ ಅಂತ ನಾವೆಲ್ಲ ಹೇಳಿಕೊಂಡು ತಿರುಗುತ್ತೀವಲ್ಲ, ಅದು ಅರ್ಧ ಸತ್ಯ. ಒಂದೊಂದು ಫ್ರೇಮಿಗೂ ದುಡ್ಡು ಬೀಳುತ್ತೆ, ನಿಜ. ಆದರೆ ದುಡ್ಡು ಬೀಳುತ್ತೆ ಅಂತಲೇ ಗ್ಯಾರಂಟಿಯಾಗಿ ‘ಚೆನ್ನಾಗಿ ಬರೋದನ್ನು’ ತೆಗೆಯೋಕೆ ಹೋಗ್ತೀವಿ. ಚೆನ್ನಾಗಿ ಬರೋದು ಅಂದರೆ ಈಗಾಗಲೇ ಎಲ್ಲೋ ನೋಡಿರೋದು.

ಎಷ್ಟೋ ರಾತ್ರಿ ಆ ಫೋಟೋವನ್ನು ಮನಸ್ಸಲ್ಲೇ ಮತ್ತೆ ತೆಗೆದಿದ್ದೀನಿ. ಲೆಕ್ಕ ಹೀಗಿದೆ. ಆವತ್ತು 400 ಐಎಸ್‌ಒ ಫಿಲಂ, ಎಫ್/1.8, ಸೆಕೆಂಡಿನ 60ನೇ ಒಂದು ಭಾಗ. ಎರಡು ಹೆಜ್ಜೆ ಹಿಂದೆ ಸರಿದು ಮೂರು ಮೀಟರಿಗೆ ಫೋಕಸ್ ಮಾಡಿ ಎಫ್/8 ಹಾಕಿದ್ದರೆ, ಸುಮಾರು 2.3 ಮೀಟರಿನಿಂದ 4.2 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ದೊಡ್ಡಪ್ಪ, ಅವರ ಕೈಯಲ್ಲಿನ ಮೊಳೆ ಜೋಡಿಸುವ ಪಟ್ಟಿ, ಹಿಂದಿನ ಖಾನೆಗಳು, ಟ್ರೆಡಲ್, ಎಲ್ಲ ಅಷ್ಟರೊಳಗೇ ಇತ್ತು. ಆದರೆ ಬೆಳಕು ನಾಲ್ಕು ಸ್ಟಾಪಿಗಿಂತ ಸ್ವಲ್ಪ ಹೆಚ್ಚೇ ಕಮ್ಮಿಯಾಗುತ್ತಿತ್ತು. ಶಟರು ಸೆಕೆಂಡಿನ ಮೂರನೇ ಒಂದು ಭಾಗ ತೆರೆದಿರಬೇಕಿತ್ತು. ಕೈಯಲ್ಲಿ ಹಿಡಿದರೆ ಅಲ್ಲಾಡುತ್ತೆ. ಟ್ರೈಪಾಡ್ ಇರಲಿಲ್ಲ. ಆದರೆ ಅದು ಪ್ರೆಸ್ಸು ಕಣ್ರೀ! ರೀಮುಗಟ್ಟಲೆ ಪೇಪರ್ ಇತ್ತು. ನಾಲ್ಕು ರೀಮು ಜೋಡಿಸಿ ಅದರ ಮೇಲೆ ಕ್ಯಾಮೆರಾ ಇಟ್ಟು, ‘ದೊಡ್ಡಪ್ಪ, ಒಂದ್ ನಿಮಿಷ ಅಲ್ಲಾಡಬೇಡಿ’ ಅನ್ನಬಹುದಿತ್ತು. ದಿನವಿಡೀ ಅಲ್ಲಾಡದೆ ಕೂತು ಮೊಳೆ ಜೋಡಿಸಿದ ಮನುಷ್ಯನಿಗೆ ಸೆಕೆಂಡಿನ ಮೂರನೇ ಒಂದು ಭಾಗ ಏನು ಮಹಾ?

ಆ ಮಾತು ಕೇಳೋಕೆ ನನಗೆ ಸಂಕೋಚ ಆಗಿತ್ತು ಅನ್ನೋದು ನಿಜವಾದ ಕಾರಣ. ‘ಅಲ್ಲಾಡಬೇಡಿ’ ಅಂದರೆ ಹಳೇ ಕಾಲದ ಸ್ಟುಡಿಯೋದವರ ಹಾಗಾಗುತ್ತೆ, ಫೋಟೋ ನ್ಯಾಚುರಲ್ ಆಗಿ ಬರಲ್ಲ ಅಂತ. ಎಫ್/1.8 ಯಾರನ್ನೂ ಏನನ್ನೂ ಕೇಳೋದಿಲ್ಲ. ಎಫ್/8 ಎದುರಿಗಿದ್ದವರ ಸಹಕಾರ ಕೇಳುತ್ತದೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ದೊಡ್ಡಮ್ಮನ ಅಡುಗೆಮನೆಯಲ್ಲಿ ಕ್ಯಾಮೆರಾ ಹೂಡಿದೆ. ಅಕ್ಕಿ ಡಬ್ಬಿಯ ಮೇಲೆ. ಎಫ್/8, ಸೆಕೆಂಡಿನ ನಾಲ್ಕನೇ ಒಂದು ಭಾಗ. ‘ಅಲ್ಲಾಡಬೇಡಿ ದೊಡ್ಡಮ್ಮ’ ಅಂದೆ. ಹೂಂ ಅಂದರು. ಶಟರು ತೆರೆಯೋದಕ್ಕೂ ಒಲೆ ಮೇಲಿನ ಹಾಲು ಉಕ್ಕೋದಕ್ಕೂ ಸರಿಹೋಯಿತು.

ಪ್ರಿಂಟು ಕಳಿಸಿದ ಮೇಲೆ ಫೋನ್ ಬಂತು. ಗೂಡಿನಲ್ಲಿದ್ದ ಉಪ್ಪಿನಕಾಯಿ ಭರಣಿ, ಕ್ಯಾಲೆಂಡರಿನ ತಾರೀಖು, ಮಸಾಲೆ ಡಬ್ಬಿಗಳ ಮೇಲೆ ಅಂಟಿಸಿದ ಚೀಟಿಗಳಲ್ಲಿ ದೊಡ್ಡಪ್ಪ ಅಚ್ಚು ಮಾಡಿಕೊಟ್ಟಿದ್ದ ‘ಜೀರಿಗೆ’, ‘ಮೆಂತ್ಯ’, ಎಲ್ಲ ಓದೋಕೆ ಬರುತ್ತಂತೆ.

‘ಈ ಸಲ ಅಡುಗೆಮನೆ ಚೆನ್ನಾಗಿ ಬಂದಿದೆ ಕಣೋ’ ಅಂದರು. ‘ನಾನೇ ಕಾಣ್ತಿಲ್ಲ.’